ಎಂಟು ತಿಂಗಳಾಯ್ತು, ಟೀಮ್ ನಿಲ್ಲುತ್ತಿಲ್ಲ. ನೆಟ್‌ವರ್ಕ್ ಮಾರ್ಕೆಟಿಂಗ್‌ನಲ್ಲಿ ಛಲ ಬಿಡದೆ ಇರೋದು ಹೇಗೆ?

ನಿಮ್ಮ ಕೆಳಗೆ ಹನ್ನೊಂದು ಜನ ಸೇರಿದರು, ಒಂಬತ್ತು ಜನ ಬಿಟ್ಟರು, ಅಪ್‌ಲೈನ್ (ನಿಮ್ಮನ್ನು ಸೇರಿಸಿದವರು) "ನಿಮ್ಮ ಮೈಂಡ್‌ಸೆಟ್ ಸರಿಯಿಲ್ಲ" ಅಂತಾರೆ ಅಂದಿದ್ದೀರಿ. ಓದುತ್ತಿದ್ದಂತೆ ನನ್ನ ಮಂಚದ ಕೆಳಗಿನ ಡಬ್ಬಿಗಳು ಕಣ್ಣ ಮುಂದೆ ಬಂದವು. ಇದೇ ಮಾತು ನನಗೂ ಹೇಳಿದ್ದರು. ನಾನು ಮೈಂಡ್‌ಸೆಟ್ ಸರಿಮಾಡಿಕೊಂಡು ಇನ್ನೂ ಹದಿನಾಲ್ಕು ತಿಂಗಳು ಮುಂದುವರಿದೆ. ಹಾಳಾಗಿದ್ದು ಆ ಹದಿನಾಲ್ಕು ತಿಂಗಳಲ್ಲೇ.

2015ರ ಜೂನ್. ದಾವಣಗೆರೆಯ ಒಂದು ಸಣ್ಣ ಫೈನಾನ್ಸ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಂಬಳ 14,500. ಪಿಯುಸಿಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯ ಫೋನ್ ಮಾಡಿ "ಟೀ ಕುಡಿಯೋಣ ಬಾರಲೇ" ಅಂದ. ಟೀ ಬರುವ ಮುಂಚೆ ಪೆನ್ನು ಬಂತು. ಹಾಳೆ ಮೇಲೆ ಒಂದು ಸೊನ್ನೆ ಬರೆದು "ಇದು ನೀನು" ಅಂದ. ಅದರ ಕೆಳಗೆ ಆರು ಸೊನ್ನೆ, ಅವುಗಳ ಕೆಳಗೆ ಆರಾರು. ನಾನು ಆರು ಜನರನ್ನು ಸೇರಿಸಬೇಕು, ಅವರು ಆರಾರು ಜನರನ್ನು; ಎಲ್ಲರೂ ಕಂಪನಿಯ ಸೋಪು, ಪೇಸ್ಟು, ಪೌಡರ್ ಕೊಂಡರೆ ನನಗೆ ಕಮಿಷನ್. ಸೇರಿದ ಮೇಲೆ ಅವನನ್ನು "ಸರ್" ಅನ್ನಬೇಕಾಯಿತು. ಮೀಟಿಂಗಿನಲ್ಲಿ ಎಲ್ಲರೂ ಎಲ್ಲರಿಗೂ ಸರ್, ಮೇಡಂ. ಅವನೂ ನನಗೆ ಸರ್ ಅನ್ನತೊಡಗಿದ. ಹತ್ತು ವರ್ಷದ "ಲೇ" ಒಂದೇ ವಾರದಲ್ಲಿ ಹೋಯಿತು.

ನನಗೆ ಛಲ ಕಡಿಮೆ ಇರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸೇರಿಸಬಹುದಾದವರ ನೂರು ಹೆಸರಿನ ಪಟ್ಟಿ ಬರೆದೆ. ಮೇ ತಿಂಗಳ ಬಿಸಿಲಲ್ಲಿ ಟೈ ಕಟ್ಟಿಕೊಂಡು ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಅಂತ ಬೈಕಿನಲ್ಲಿ ಅಲೆದೆ. ಪ್ರತಿ ಭಾನುವಾರ ಕಲ್ಯಾಣ ಮಂಟಪದ ಮೀಟಿಂಗು. ಮದುವೆ ಮನೆಯಲ್ಲೂ ಆ ಸೊನ್ನೆಗಳ ಪ್ಲ್ಯಾನ್ ತೋರಿಸಿದ್ದೇನೆ, ತಿಥಿ ಊಟದಲ್ಲೂ ತೋರಿಸಿದ್ದೇನೆ. ಸೋದರತ್ತೆ ಒಬ್ಬರು ನನ್ನ ನಂಬರ್ ನೋಡಿದರೆ ಫೋನ್ ಎತ್ತುವುದನ್ನೇ ಬಿಟ್ಟರು. "ನೆಗೆಟಿವ್ ಜನ" ಅಂತ ಅವರ ಹೆಸರಿನ ಮೇಲೆ ಗೀಟು ಎಳೆದೆ. ಎಂಥಾ ಮನುಷ್ಯ ಆಗಿದ್ದೆ ನೋಡಿ.

ಈಗ ನನ್ನ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಆದರೆ ಇದನ್ನು ಬಿಟ್ಟರೆ ನನ್ನ ಹತ್ತಿರ ನಿಮಗೆ ಕೊಡೋಕೆ ಬೇರೇನೂ ಇಲ್ಲ.

ನಮ್ಮ ಪ್ಲ್ಯಾನಿನಲ್ಲಿ ಸ್ಲ್ಯಾಬ್ ಇತ್ತು. ನಿಮ್ಮದರಲ್ಲೂ ಇರುತ್ತೆ, ಹೆಸರು ಬೇರೆ ಇರಬಹುದು. ಗುಂಪಿನ ಖರೀದಿ ತಿಂಗಳಿಗೆ 2,000 ಪಾಯಿಂಟ್ ಮುಟ್ಟಿದರೆ 12 ಪರ್ಸೆಂಟ್ ಕಮಿಷನ್, ಇಲ್ಲಾಂದ್ರೆ 9. ಒಂದು ಪಾಯಿಂಟ್ ಅಂದರೆ ಸುಮಾರು 60 ರೂಪಾಯಿ ಮಾಲು. 2016ರ ನವೆಂಬರ್‌ನಲ್ಲಿ ನೋಟು ರದ್ದಾಯಿತು. ಜನರ ಕೈಯಲ್ಲಿ ತರಕಾರಿಗೇ ದುಡ್ಡಿಲ್ಲ, ಪ್ರೋಟೀನ್ ಪೌಡರ್ ಯಾರು ಕೊಳ್ತಾರೆ? 30ನೇ ತಾರೀಕು ಬುಧವಾರ ಸಂಜೆ ನೋಡಿದರೆ ಗುಂಪಿನ ಲೆಕ್ಕ 1,690ಕ್ಕೆ ನಿಂತಿತ್ತು. 310 ಪಾಯಿಂಟ್ ಕಡಿಮೆ. ಸರ್ ಫೋನ್ ಮಾಡಿದರು. "ಇಷ್ಟು ಹತ್ತಿರ ಬಂದು ಬಿಡ್ತೀರಾ? ಲೀಡರ್ ಆದವನು ಕ್ಲೋಸಿಂಗ್ ದಿನ ಗೊತ್ತಾಗ್ತಾನೆ."

ಅವ್ವನ ಹೆಸರಿನಲ್ಲೂ ಒಂದು ಐಡಿ, ಅಂದರೆ ಸದಸ್ಯರ ಖಾತೆ, ಮಾಡಿಸಿದ್ದೆ. ಅದರಲ್ಲಿ 18,600 ರೂಪಾಯಿ ಮಾಲು ತೆಗೆದೆ. ಕೈಯಲ್ಲಿ ನಗದು ಇಲ್ಲ, ಕ್ರೆಡಿಟ್ ಕಾರ್ಡ್ ಉಜ್ಜಿದೆ. ಸ್ಲ್ಯಾಬ್ ಮುಟ್ಟಿತು. ಕೆಳಗಿನವರ ಪಾಲು ಕಳೆದು ನನಗೆ ಬಂದ ಕಮಿಷನ್ 7,400. ಮೊಬೈಲಿಗೆ ಮೆಸೇಜ್ ಬಂದಾಗ ಎದೆ ಉಬ್ಬಿತು. ಸಂಬಳದ ಅರ್ಧ ಆಯ್ತಲ್ಲ!

ಸ್ವಲ್ಪ ನಿಂತು ಲೆಕ್ಕ ಮಾಡಿ. ಆ ಮಾಲು ಕೊಳ್ಳದೇ ಇದ್ದಿದ್ದರೂ 9 ಪರ್ಸೆಂಟಿನಲ್ಲಿ 2,100 ಬರ್ತಿತ್ತು. ಅಂದರೆ ನಾನು 18,600 ಕೊಟ್ಟು ಕೊಂಡಿದ್ದು 5,300 ರೂಪಾಯಿಯನ್ನು. ಉಳಿದ 13,300 ಮಂಚದ ಕೆಳಗೆ ಡಬ್ಬಿಯಾಗಿ ಕೂತಿತು. ಕಾರ್ಡಿಗೆ ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ವರ್ಷಕ್ಕೆ 42. ನಮ್ಮ ಆಫೀಸಿನಲ್ಲಿ ಯಾರಾದರೂ ಆ ಬಡ್ಡಿಗೆ ಸಾಲ ತಗೊಂಡಿದ್ದು ಕಂಡರೆ "ಇವನ ಕಥೆ ಮುಗೀತು" ಅಂತಿದ್ದೆ. ಡಿಸೆಂಬರ್ 1ಕ್ಕೆ ಪಾಯಿಂಟ್ ಮತ್ತೆ ಸೊನ್ನೆ. ಆ ತಿಂಗಳ ಕೊನೆಗೆ ಕೊರತೆ ಇನ್ನೂ ಜಾಸ್ತಿ, ಯಾಕೆಂದರೆ ಮನೆಯಲ್ಲಿ ಇರೋ ಮಾಲೇ ಖರ್ಚಾಗದೆ ಕೂತಿದೆ, ಹೊಸದು ಯಾರಿಗೆ?

ಹೀಗೆ, ಆ ನವೆಂಬರ್‌ಗೆ ಮುಂಚಿನದೂ ಸೇರಿ, ಒಟ್ಟು ಹನ್ನೊಂದು ತಿಂಗಳು ಮಾಡಿದೆ. ಲೆಕ್ಕ ಬರೆಯೋದೇ ಕಸುಬಾದವನಿಗೆ ಯಾಕೆ ಗೊತ್ತಾಗಲಿಲ್ಲ ಅಂತ ಕೇಳಬಹುದು. ಡೈರಿಯಲ್ಲಿ ಕಮಿಷನ್ನನ್ನು ಮಾತ್ರ ಜಮಾ ಬರೆಯುತ್ತಿದ್ದೆ. ಕೊಂಡ ಮಾಲನ್ನು ಖರ್ಚು ಅಂತ ಬರೆಯಲೇ ಇಲ್ಲ, "ಸ್ಟಾಕ್" ಅಂತ ಬರೆದೆ. ಪೆಟ್ರೋಲು, ಮೀಟಿಂಗ್ ಟಿಕೆಟ್ಟು, ಬೆಂಗಳೂರಿನ ಎರಡು ದಿನದ ಸಮಾವೇಶ ಎಲ್ಲಾ "ಕಲಿಕೆ". ನಷ್ಟದ ಕಾಲಮ್ಮೇ ಇಲ್ಲದ ಪುಸ್ತಕದಲ್ಲಿ ನಷ್ಟ ಎಲ್ಲಿಂದ ಕಾಣಬೇಕು? ಟೂತ್‌ಪೇಸ್ಟಿನ ಅವಧಿ ಮುಗಿಯುತ್ತಾ ಬಂತು. ಅವ್ವ ಒಂದು ಪೌಡರ್ ಡಬ್ಬಿ ಖಾಲಿ ಮಾಡಿ ಹುಣಸೆಹಣ್ಣು ತುಂಬಿಟ್ಟಳು. ಅವಳ ಪ್ರಕಾರ ಆ ಇಡೀ ಬಿಸಿನೆಸ್ಸಿನಲ್ಲಿ ಉಪಯೋಗಕ್ಕೆ ಬಂದಿದ್ದು ಆ ಡಬ್ಬಿ ಒಂದೇ, ಮುಚ್ಚಳ ಗಟ್ಟಿ ಇದೆ.

2017ರ ಮಾರ್ಚ್ 31. ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸಿ ರಾತ್ರಿ ಒಬ್ಬನೇ ಕೂತಿದ್ದೆ. ಆಗ ಸರ್ ಫೋನ್ ಬಂತು, ಈ ಸಲ 400 ಪಾಯಿಂಟ್ ಕಡಿಮೆ. ಆ ಫೋನಿನ ಉಳಿದ ವಿಷಯ ಆಮೇಲೆ ಹೇಳ್ತೀನಿ. ಐದು ನಿಮಿಷ ಬಿಟ್ಟು ಮಾಡ್ತೀನಿ ಅಂತ ಇಟ್ಟೆ. ಮುಂದೆ ಲೆಡ್ಜರ್ ತೆರೆದೇ ಇತ್ತು. ಒಂದು ಬಿಳಿ ಹಾಳೆ ತಗೊಂಡು, ಗಿರಾಕಿಯ ಲೆಕ್ಕ ಬರೆಯೋ ಹಾಗೆ ನನ್ನದನ್ನು ಬರೆದೆ.

22 ತಿಂಗಳಲ್ಲಿ ಕೊಂಡ ಮಾಲು 2,46,000. ಓಡಾಟ, ಟಿಕೆಟ್ 64,000. ಕಾರ್ಡಿನ ಬಡ್ಡಿ 31,000. ಬಂದಿದ್ದು: ಕಮಿಷನ್ 71,300, ಹೊರಗಿನವರಿಗೆ ಮಾರಿದ್ದು 58,000. ಮನೆಗೆ ಬಳಸಿದ ಸೋಪು, ಪೇಸ್ಟಿಗೆ ಧಾರಾಳವಾಗಿ 30,000 ಅಂತ ಬಿಟ್ಟೆ. ಆದರೂ 1,81,700 ನಷ್ಟ. ನನ್ನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ. ಈ 22 ತಿಂಗಳೂ ನಾನು ಜನರ ಮುಂದೆ ಟೈ ಕಟ್ಟಿಕೊಂಡು "ಸೆಕೆಂಡ್ ಇನ್‌ಕಮ್" ಬಗ್ಗೆ ಮಾತಾಡಿದ್ದೆ.

ದುಡ್ಡು ಹೋಗಲಿ. ಚಿಕ್ಕಪ್ಪನ ಮಗ ಹರಿಹರದಲ್ಲಿ ರೀಚಾರ್ಜ್ ಅಂಗಡಿ ಇಟ್ಟಿದ್ದ, ನನ್ನ ಕೆಳಗೆ ಸೇರಿದ್ದ. ನಾನು ಮಾಡಿದ್ದನ್ನೇ ಅವನೂ ಮಾಡಿದ: ತಿಂಗಳ ಕೊನೆಗೆ ಕೊಳ್ಳೋದು, ಅಂಗಡಿಯ ಹಿಂದೆ ಪೇರಿಸೋದು. ಮೇಲಿನವರನ್ನು ನೋಡಿ ಕೆಳಗಿನವರು ಹಾಗೇ ಮಾಡೋದಕ್ಕೆ ಮೀಟಿಂಗಿನಲ್ಲಿ ಡೂಪ್ಲಿಕೇಶನ್ ಅಂತಾರಲ್ಲ, ಅದು ಚೆನ್ನಾಗೇ ಆಯಿತು. ಅವನದು 40,000 ಹೋಯಿತು. ಜಗಳ ಆಡಲಿಲ್ಲ. "ಅಣ್ಣ, ನೀನು ಲೆಕ್ಕದಲ್ಲಿ ಗಟ್ಟಿ ಅಂತ ನಂಬಿದ್ದೆ" ಅಂದ. ಕಂತಿನಲ್ಲಿ ಅಷ್ಟಿಷ್ಟು ವಾಪಸ್ ಕೊಟ್ಟೆ. ಚಿಕ್ಕಮ್ಮ ಮಾತಾಡಿಸುತ್ತಾರೆ, ಆದರೆ ಊಟಕ್ಕೆ ಏಳು ಅನ್ನೋದಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಛಲ ಹೇಗೆ ಇಟ್ಟುಕೊಳ್ಳೋದು ಅಂತ ಕೇಳ್ತಿದ್ದೀರಿ. ಎಂಟು ತಿಂಗಳು ನಿಂತಿದ್ದೀರಲ್ಲ, ಛಲ ಇದ್ದೇ ಇದೆ. ಛಲ ಕೆಲಸ ಮಾಡೋದು ಕೈ ಪಳಗುವ ಕಡೆ. ಟೈಲರ್ ಹೊಲಿದ ನೂರನೇ ಬ್ಲೌಸು ಮೊದಲನೆಯದಕ್ಕಿಂತ ಚೆನ್ನಾಗಿರುತ್ತೆ. ನಿಮ್ಮ ಪಟ್ಟಿಯ ನೂರನೇ ಹೆಸರು ಯಾರದು? ಮೊದಲನೆಯವನು ಅಣ್ಣ, ನೂರನೆಯವನು ಬಸ್ಸಿನಲ್ಲಿ ಸಿಕ್ಕವನು. ಹೋದ ಹಾಗೆ ಕಷ್ಟ ಜಾಸ್ತಿ ಆಗುವಂತೆಯೇ ಇದರ ಲೆಕ್ಕ ಇದೆ. ಆ ಸೊನ್ನೆಗಳನ್ನೇ ಮುಂದುವರಿಸಿ ನೋಡಿ. ಆರು, 36, 216, ಹೀಗೆ ಹತ್ತನೇ ಸಾಲಿಗೆ 6 ಕೋಟಿ 4 ಲಕ್ಷ. ಮೇಲಿನ ಸಾಲುಗಳನ್ನೂ ಸೇರಿಸಿದರೆ 7 ಕೋಟಿ 25 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನ 6 ಕೋಟಿ 11 ಲಕ್ಷ, ತೊಟ್ಟಿಲಲ್ಲಿರೋ ಕೂಸೂ ಸೇರಿ. ನಿಮ್ಮ ಒಂಬತ್ತು ಜನ ಸೋಮಾರಿಗಳಾಗಿ ಬಿಟ್ಟಿಲ್ಲ. ಅವರಿಗೆ ತಮ್ಮ ಆರು ಜನ ಸಿಗಲಿಲ್ಲ, ಅಷ್ಟೇ.

ಈ ಮೈಂಡ್‌ಸೆಟ್ ಅನ್ನೋ ಮಾತಿನ ಬಗ್ಗೆಯೂ ನನಗೆ ಸಿಟ್ಟಿದೆ. ಮಾಲು ಹೋಗಲಿಲ್ಲ ಅಂದರೆ ಮೈಂಡ್‌ಸೆಟ್. ಜನ ಬಿಟ್ಟರು ಅಂದರೆ ಮೈಂಡ್‌ಸೆಟ್. ಲೆಕ್ಕ ಕೇಳಿದರೆ ನೆಗೆಟಿವ್. ಪ್ಲ್ಯಾನಿನ ತಪ್ಪು ಅನ್ನೋದು ಒಂದು ಸಲವೂ ಬರೋದಿಲ್ಲ, ಗಮನಿಸಿದ್ದೀರಾ?

"ಸರ್ಕಾರವೇ ಒಪ್ಪಿದೆ" ಅಂತ ನಿಮಗೂ ಹೇಳಿರ್ತಾರೆ. 2016ರಲ್ಲಿ ಕೇಂದ್ರ ಸರ್ಕಾರ ಡೈರೆಕ್ಟ್ ಸೆಲ್ಲಿಂಗ್‌ಗೆ (ಅಂಗಡಿ ಇಲ್ಲದೆ ನಮ್ಮಂಥವರ ಮೂಲಕ ಮಾಲು ಮಾರೋದಕ್ಕೆ) ಮಾರ್ಗಸೂಚಿ ತಂದಾಗ ನಮ್ಮ ಮಂಟಪದಲ್ಲಿ ಅದರ ಪ್ರಿಂಟ್ ಎತ್ತಿ ತೋರಿಸಿ ಚಪ್ಪಾಳೆ ತಟ್ಟಿಸಿದರು. ನಾನೂ ತಟ್ಟಿದೆ, ಓದಲಿಲ್ಲ. ಆಮೇಲೆ ಓದಿದಾಗ ನನ್ನ ತಪ್ಪೇ ಅದರಲ್ಲಿತ್ತು. ಬಳಸುವಷ್ಟು, ಮಾರುವಷ್ಟು ಮೀರಿ ಮಾಲು ಕೊಳ್ಳಬೇಕು ಅನ್ನೋ ಷರತ್ತು ಇರಬಾರದು. ಜನ ಸೇರಿಸಿದ್ದಕ್ಕೆ ದುಡ್ಡು ಕೊಡಬಾರದು. ಮಾರಲು ಯೋಗ್ಯ ಇರೋ ಮಾಲನ್ನು ಕೇಳಿದರೆ ವಾಪಸ್ ತಗೋಬೇಕು. ಜನ ಸೇರಿಸಿ ದುಡ್ಡು ಸುತ್ತಿಸುವ ಹಣ ಚಲಾವಣೆಯ ಸ್ಕೀಮುಗಳ ಮೇಲೆ 1978ರಿಂದಲೇ ನಿಷೇಧದ ಕಾನೂನಿದೆ. 2021ರ ಡಿಸೆಂಬರ್‌ನಲ್ಲಿ ಗ್ರಾಹಕ ರಕ್ಷಣೆ ಕಾಯ್ದೆಯಡಿ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳೇ ಬಂದಿವೆ, ಜನ ಸೇರಿಸಿದ್ದಕ್ಕೇ ಲಾಭ ಕೊಡುವ ಪಿರಮಿಡ್ ಸ್ಕೀಮ್ ನಡೆಸುವಂತಿಲ್ಲ. ಆದರೆ ನನ್ನನ್ನು ಕೊಳ್ಳು ಅಂತ ಕಾಗದದಲ್ಲಿ ಯಾರೂ ಬರೆದುಕೊಟ್ಟಿರಲಿಲ್ಲ. ಸ್ಲ್ಯಾಬ್ ತೋರಿಸಿದರು, ಕೊಂಡವನು ನಾನೇ. ಅದಕ್ಕೇ ಯಾವ ದೂರೂ ಕೊಡಲಾಗಲಿಲ್ಲ.

ನಿಮ್ಮ ಮನೆಯಲ್ಲಿ ಪ್ಯಾಕ್ ಒಡೆಯದ ಮಾಲಿದ್ದರೆ ಇವತ್ತೇ ವಾಪಸಾತಿಗೆ ಬರೆದು ಕೇಳಿ. ಬರೀ ಬಾಯಿ ಮಾತು ಬೇಡ. ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915. ನಾನು ಕೇಳೋ ಹೊತ್ತಿಗೆ ಅರ್ಧದಷ್ಟರ ಅವಧಿ ಮುಗಿದಿತ್ತು.

ಇದರಲ್ಲಿ ದುಡಿದವರು ಯಾರೂ ಇಲ್ವಾ ಅಂತ ಕೇಳ್ತೀರಿ. ನಾನು ಕಣ್ಣಾರೆ ಕಂಡಿದ್ದು ಒಬ್ಬರನ್ನು. ನಮ್ಮದೇ ಗುಂಪಿನಲ್ಲಿದ್ದ ಅಕ್ಕ, ಹೊಲಿಗೆ ಮಾಡುತ್ತಿದ್ದವರು. ಬ್ಲೌಸ್ ಅಳತೆಗೆ ಬರುವ ಹೆಂಗಸರಿಗೆ ಫೇಸ್ ಕ್ರೀಮು, ಶಾಂಪು ಮಾರುತ್ತಿದ್ದರು. ಇಪ್ಪತ್ತೈದು ಮನೆ, ಆರ್ಡರ್ ಬಂದ ಮೇಲೇ ಮಾಲು ತರಿಸೋದು, ಯಾರನ್ನೂ ಸೇರಿಸಿದ್ದಿಲ್ಲ. ತಿಂಗಳಿಗೆ ಎರಡು-ಮೂರು ಸಾವಿರ ಉಳಿಯುತ್ತಿತ್ತು, ನಿಜವಾಗಿ ಉಳಿಯುತ್ತಿತ್ತು. ಮೀಟಿಂಗಿನಲ್ಲಿ ಅವರನ್ನು "ಅಂಗಡಿ ಮೈಂಡ್‌ಸೆಟ್" ಅಂತ ತಮಾಷೆ ಮಾಡುತ್ತಿದ್ದರು. ನಾನೂ ನಕ್ಕಿದ್ದೇನೆ. ನೀವು ಮುಂದುವರಿಯಲೇಬೇಕು ಅಂತಿದ್ದರೆ ಅವರ ಹಾಗೆ ಮಾಡಿ, ಪ್ಲ್ಯಾನ್ ಹಾಳೆ ಹರಿದು ಹಾಕಿ. ಟೀಮಿನಲ್ಲಿ ಇಲ್ಲದ, ನಿಮ್ಮ ನೆಂಟರೂ ಅಲ್ಲದ ಎಷ್ಟು ಜನ ಹೋದ ತಿಂಗಳು ನಿಮ್ಮಿಂದ ಎರಡನೇ ಸಲ ಕೊಂಡರು, ಎಣಿಸಿ. ಐದೂ ಇಲ್ಲಾಂದ್ರೆ ನನ್ನ ಅಭಿಪ್ರಾಯ ನೇರ: ಬಿಟ್ಟುಬಿಡಿ.

ಈ ತಿಂಗಳ ಕೊನೆ ಸಂಜೆ ನಿಮಗೂ ಫೋನ್ ಬರುತ್ತೆ. ಕಾರ್ಡು ಮನೆಯಲ್ಲಿ ಬಿಟ್ಟು ಎಲ್ಲಾದರೂ ಹೋಗಿ. ಎತ್ತಲೇಬೇಕು ಅನ್ನಿಸಿದರೆ, ನಾನು ಆ ಮಾರ್ಚ್ ರಾತ್ರಿ ಕೇಳಿದ್ದನ್ನೇ ಕೇಳಿ. ಹಾಳೆ ಬರೆದು ಮುಗಿಸಿ ಸರ್‌ಗೆ ತಿರುಗಿ ಫೋನ್ ಮಾಡಿದೆ. "ಸರ್, ನನ್ನ ಹತ್ತಿರ ಆಗಲ್ಲ. ಆ 400 ಪಾಯಿಂಟ್ ಈ ಸಲ ನೀವೇ ತಗೊಳ್ಳಿ, ಸ್ಲ್ಯಾಬ್ ನಿಮಗೂ ಮುಟ್ಟುತ್ತಲ್ಲ" ಅಂದೆ.

ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು. ಆಮೇಲೆ ಮೆಲ್ಲಗೆ ಅಂದ, "ನಂದೇ 900 ಕಮ್ಮಿ ಐತಲೇ."