ನಿಶ್ಚಿತಾರ್ಥ ಆದ ಮೇಲೆ ಸುಮ್ಮನಿದ್ದರೆ ಒಪ್ಪಿದ ಹಾಗೇನಾ?

ಇಲ್ಲ. ಉಂಗುರ ತೊಡಿಸಿದ ಮಾತ್ರಕ್ಕೆ ಮೈಮೇಲೆ ಹಕ್ಕು ಬರುವುದಿಲ್ಲ. ಕಾಸರಗೋಡಿನ ಕುಂಬಳೆಯ ನಿಮ್ಮ ಗೆಳತಿಗೆ ಹುಡುಗ 'ಹೇಗೂ ನನ್ನವಳೇ ಅಲ್ವಾ' ಅಂತ ಒತ್ತಾಯಿಸಿದ, ಅವಳು ತಡೆಯಲಿಲ್ಲ, ಇದು ಒಪ್ಪಿಗೆಯೇ ಎಂದು ಕೇಳಿದ್ದೀರಿ.

ಹೆದರಿದಾಗ ಎಲ್ಲರೂ ಕೂಗುವುದಿಲ್ಲ. ಎಷ್ಟೋ ಜನರಿಗೆ ಕೈಕಾಲು ಮರಗಟ್ಟುತ್ತದೆ, ಗಂಟಲಿಂದ ದನಿಯೇ ಹೊರಡುವುದಿಲ್ಲ. ಮದುವೆ ಮುರಿದರೆ ಮನೆಯವರ ಮಾನ ಏನಾದೀತು ಎಂಬ ಭಯ ಬೇರೆ. 'ಮೌನಂ ಸಮ್ಮತಿ ಲಕ್ಷಣಂ' ಅನ್ನುವ ಮಾತು ಇಲ್ಲಿ ಸುತರಾಂ ಹೊಂದುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ಒಪ್ಪಿಗೆ ಎಂದರೆ ಸ್ವಂತ ಇಚ್ಛೆಯಿಂದ, ಮಾತಿನಲ್ಲೋ ಸನ್ನೆಯಲ್ಲೋ ಸ್ಪಷ್ಟವಾಗಿ ತೋರಿಸಿದ್ದು ಎಂದು ಅತ್ಯಾಚಾರದ ಕಾನೂನಿಗೆ ಆದ 2013ರ ತಿದ್ದುಪಡಿ ಬರೆಯಿತು. ಮೈಯಿಂದ ಎದುರಿಸಲಿಲ್ಲ ಎಂಬುದೊಂದೇ ಒಪ್ಪಿಗೆಯಾಗದು ಎಂದೂ ಸೇರಿಸಿತು. ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂನಲ್ಲೂ ಅದೇ ಇದೆ. (18 ತುಂಬಿದ ಹೆಂಡತಿಯ ವಿಷಯದಲ್ಲಿ ಗಂಡನಿಗೆ ವಿನಾಯಿತಿ ಉಂಟು. ನನಗಂತೂ ಅದು ಸರಿ ಕಾಣುವುದಿಲ್ಲ. ಆದರೆ ನಿಶ್ಚಿತಾರ್ಥವಾದ ಹುಡುಗನಿಗೆ ಅದೂ ಇಲ್ಲ.)

ಗೆಳತಿ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು. ದೂರು ಕೊಡುವುದಾದರೆ ಕನ್ನಡದಲ್ಲೇ ಬರೆದು ಕೊಡಲಿ.