ಇನ್ಸುಲಿನ್ ಕಡಿಮೆ ಸಾಕಾಗುತ್ತಿದೆ, ಶುಗರ್ ಗುಣವಾಯಿತೇ?

ಪ್ರಶ್ನೆ: ಅಮ್ಮನಿಗೆ 62 ವರ್ಷ, 14 ವರ್ಷದಿಂದ ಶುಗರ್. ಮೊದಲು ದಿನಕ್ಕೆ 40 ಯೂನಿಟ್ ಇನ್ಸುಲಿನ್ ಬೇಕಿತ್ತು, ಈಗ 24ಕ್ಕೇ ಇಳಿಯುತ್ತದೆ. ಮೊನ್ನೆ ನಸುಕಿನ ಮೂರು ಗಂಟೆಗೆ ಮೈಯೆಲ್ಲ ಬೆವತು ಕೈ ನಡುಗಿತು. ಮೆಷಿನ್‌ನಲ್ಲಿ ನೋಡಿದರೆ 54. ಹಾಗಲಕಾಯಿ ರಸ ಕುಡಿದು ಕಾಯಿಲೆ ಬಿಟ್ಟುಹೋಗುತ್ತಿದೆ ಎನ್ನುತ್ತಾರೆ ಅಮ್ಮ. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) 2.1 ಇದೆ. ಇದಕ್ಕೂ ಅದಕ್ಕೂ ಸಂಬಂಧ ಉಂಟಾ? — ಓದುಗರು, ಬ್ರಹ್ಮಾವರ

ಉತ್ತರ: ಉಂಟು. ಬೇಸರವಾದರೂ ಹೇಳಲೇಬೇಕು, ಇದು ಗುಣವಾಗುತ್ತಿರುವ ಲಕ್ಷಣವಲ್ಲ. ಈ ವಯಸ್ಸಿನ ಹೆಂಗಸಿಗೆ ಕ್ರಿಯೇಟಿನಿನ್ 2.1 ಎಂದರೆ ಕಿಡ್ನಿಯ ಸೋಸುವ ಶಕ್ತಿ ಹೆಚ್ಚುಕಮ್ಮಿ ಕಾಲು ಭಾಗಕ್ಕೆ ಇಳಿದಿದೆ.

ಕಿಡ್ನಿ ಎಂದರೆ ಬರೀ ಮೂತ್ರದ ಜರಡಿ ಎಂದುಕೊಂಡಿರುತ್ತೇವೆ. ಸಕ್ಕರೆಯ ಲೆಕ್ಕ ನೋಡಿಕೊಳ್ಳುವುದರಲ್ಲೂ ಅದಕ್ಕೆ ದೊಡ್ಡ ಪಾಲಿದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅದರಲ್ಲಿ ಸೋಸಿಹೋಗುತ್ತದೆ. ಅದರ ಜೊತೆ ಹೋದ ಸುಮಾರು 180 ಗ್ರಾಂ ಗ್ಲೂಕೋಸನ್ನು ಒಳಗಿನ ಸಣ್ಣ ನಾಳಗಳು ಹೆಕ್ಕಿ ರಕ್ತಕ್ಕೇ ಮರಳಿಸುತ್ತವೆ. ಉಪವಾಸವಿದ್ದಾಗ ಲಿವರ್‌ನಂತೆಯೇ ಕಿಡ್ನಿಯೂ ಹೊಸದಾಗಿ ಗ್ಲೂಕೋಸ್ ತಯಾರಿಸಿ ಕೊಡುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ನ ದೊಡ್ಡ ಪಾಲು ಒಡೆದು ಮುಗಿಯುವುದೂ ಅಲ್ಲೇ. ಕಿಡ್ನಿ ಸೋತರೆ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಹೊಸ ಗ್ಲೂಕೋಸ್ ಕಡಿಮೆಯಾಗುತ್ತದೆ. ನಸುಕಿನಲ್ಲಿ ಅಮ್ಮನ ಶುಗರ್ 54ಕ್ಕೆ ಇಳಿದದ್ದು ಹೀಗೆ. ಹಾಗಲಕಾಯಿಗೆ ಸಲ್ಲದ ಕೀರ್ತಿ!

ಕಿಡ್ನಿ ಸೋತದ್ದಕ್ಕೂ ಬಹುಶಃ ಶುಗರೇ ಕಾರಣ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟು ಕಾಲ ಅದನ್ನು ಹೆಕ್ಕುವ ಆ ಸಣ್ಣ ನಾಳಗಳು ಮೈಮೀರಿ ದುಡಿಯುತ್ತವೆ. ಸಕ್ಕರೆಯೊಂದಿಗೆ ಉಪ್ಪನ್ನೂ ಎಳೆದುಕೊಳ್ಳುತ್ತವೆ. ಮುಂದಕ್ಕೆ ಹೋಗುವ ಉಪ್ಪು ಕಡಿಮೆಯಾದಾಗ, ರಕ್ತ ಸಾಲುತ್ತಿಲ್ಲವೆಂದು ಕಿಡ್ನಿ ಮೋಸಹೋಗಿ ಒಳಬರುವ ರಕ್ತನಾಳವನ್ನು ಅಗಲಿಸುತ್ತದೆ. ಜರಡಿಯ ಮೇಲೆ ಒತ್ತಡ ಏರಿ, ವರ್ಷಗಳಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮೂತ್ರಕ್ಕೆ ಸೋರತೊಡಗುತ್ತದೆ. ಈ ಸಕ್ಕರೆ ಹೆಕ್ಕುವ ದಾರಿಯನ್ನೇ ಅಡ್ಡಗಟ್ಟುವ ಡಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಶುಗರ್‌ಗೆಂದು ಬಂದು ಈಗ ಕಿಡ್ನಿ ಉಳಿಸಲು ಬಳಕೆಯಲ್ಲಿವೆ. ಅಮ್ಮನಿಗೆ ಹೊಂದುತ್ತದೆಯೇ ಎಂದು ಅವರ ಡಾಕ್ಟರರನ್ನು ಕೇಳಿ. ವಾಂತಿ ಬಂದ ದಿನ, ಊಟ ಬಿಟ್ಟ ದಿನ ಅದನ್ನು ತೆಗೆದುಕೊಳ್ಳುವಂತಿಲ್ಲ.

ಇನ್ಸುಲಿನ್ ಎಷ್ಟು ಇಳಿಸಬೇಕೆಂದು ಇವತ್ತೇ ಡಾಕ್ಟರರಿಗೆ ಫೋನ್ ಮಾಡಿ ಕೇಳಿ, ವಾರ ಕಾಯಬೇಡಿ. ಮೆಟ್‌ಫಾರ್ಮಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಕಿಡ್ನಿ ಇಷ್ಟು ಇಳಿದ ಮೇಲೆ ಎರಡೂ ಸಲ್ಲವು. ಮಂಡಿನೋವಿಗೆ ಅಂಗಡಿಯಿಂದ ತರುವ ನೋವಿನ ಮಾತ್ರೆ ನಿಲ್ಲಿಸಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆಯನ್ನೇ ನೆಚ್ಚಬೇಡಿ, ರಕ್ತಹೀನತೆ ಇದ್ದರೆ ಅದು ತಪ್ಪು ಹೇಳಬಹುದು.

ಮತ್ತೆ ನಡುಕ ಬಂದರೆ, ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮ ಕಡೆ ಸುಸ್ತೆಂದರೆ ಮೊದಲು ಕೈಗೆ ಬರುವುದು ಬೊಂಡ, ಅಂದರೆ ಎಳನೀರು. ಅದರ ಪೊಟ್ಯಾಸಿಯಂ ಸೋತ ಕಿಡ್ನಿಗೆ ಹೊರೆ, ಅದು ಬೇಡ. ಹಾಸಿಗೆ ಪಕ್ಕ ಸಕ್ಕರೆ ಡಬ್ಬಿ, ಚಮಚ, ಒಂದು ಲೋಟ ನೀರು ಇಟ್ಟಿರಿ. ಡಾಕ್ಟರರ ಹತ್ತಿರ ಹೋಗುವಾಗ ಶುಗರ್ ನೋಡುವ ಮೆಷಿನನ್ನೂ ಒಯ್ಯಿರಿ. ಹಳೆಯ ಅಂಕಿಗಳೆಲ್ಲ ಅದರೊಳಗೇ ಇರುತ್ತವೆ.