ಹೆದರಿಕೆ ಆಗುತ್ತೆ, ಆದ್ರೂ ಮುಂದಿನ ಭಾಗ ಬೇಕು

(ಗುರುತು ಸಿಗದಿರಲಿ ಅಂತ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆಗೆಂದು ನನ್ನ ಬಳಿ ಕರೆತಂದ ಹುಡುಗಿಗೆ 9 ವರ್ಷ. ಓದುವ ಹುಚ್ಚು ಜಾಸ್ತಿ. ಮಕ್ಕಳಿಗಾಗಿಯೇ ಬರೆದ ದೆವ್ವದ ಕಥೆಗಳ ಸರಣಿಯೊಂದು ಕೈಗೆ ಸಿಕ್ಕಿದ ಮೇಲೆ ಒಬ್ಬಳೇ ಮಲಗುವುದನ್ನು ಬಿಟ್ಟಿದ್ದಾಳೆ. ರಾತ್ರಿ ಬಾತ್‌ರೂಮಿಗೆ ಹೋಗಲೂ ಯಾರಾದರೂ ಜೊತೆಗೆ ಬೇಕು. ಬೆಳಗಿನ ಜಾವ ಕೆಟ್ಟ ಕನಸು ಬಿದ್ದು ಎದ್ದು ಕೂರುತ್ತಾಳೆ. ಓದುತ್ತಿದ್ದ ಪುಸ್ತಕವನ್ನು ಅಪ್ಪ ಅರ್ಧಕ್ಕೇ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಅವಳು ಗೆಳತಿಯಿಂದ ಇನ್ನೊಂದು ತಂದು, ಹೊದಿಕೆಯೊಳಗೆ ಟಾರ್ಚ್ ಹಿಡಿದು ಓದಿದ್ದಾಳೆ.

"ಹೆದರಿಕೆ ಆಗುತ್ತೆ ಅಂತಾಳೆ, ಮತ್ತೆ ಮುಂದಿನ ಭಾಗ ಕೊಡಿಸಿ ಅಂತಾಳೆ. ಇದೇನು ಮೇಡಂ?" ಅಂತ ತಾಯಿ ಕೇಳಿದರು.

ಇದರಲ್ಲಿ ವಿಚಿತ್ರ ಏನೂ ಇಲ್ಲ. ಎದೆ ಢವಢವ ಅನ್ನುತ್ತಿರುತ್ತದೆ, ಆದರೆ ನಿಜಕ್ಕೂ ಅಪಾಯ ಇಲ್ಲ ಅಂತ ಗೊತ್ತಿರುತ್ತದೆ. ಎರಡೂ ಒಟ್ಟಿಗಿದ್ದರೆ ಹೆದರಿಕೆಯಲ್ಲೂ ಮಜಾ ಇದೆ. ಆದರೆ ಕತ್ತಲಲ್ಲಿ, ಒಬ್ಬಳೇ, ನಿದ್ದೆ ಎಳೆಯುವಾಗ ಓದಿದರೆ, ಅಪಾಯ ಇಲ್ಲ ಅನ್ನುವ ಆ ಧೈರ್ಯ ಕೈಕೊಡುತ್ತದೆ.

ಹೆದರಿಕೆಯ ಹಿಂದೆ ಬೇರೇನಾದರೂ ಇದೆಯೇ ಅಂತ ವಿಚಾರಿಸಿದೆ. ಶಾಲೆ, ಗೆಳತಿಯರು, ಮನೆಯ ಜಗಳ, ಎಲ್ಲವನ್ನೂ ಕೇಳಿದೆ. ಹಾಗೇನೂ ಕಾಣಲಿಲ್ಲ. ಎಲ್ಲ ಹೆದರಿಕೆಗೂ ಒಂದು ದೊಡ್ಡ ಗುಟ್ಟು ಇರಲೇಬೇಕು ಅಂತೇನಿಲ್ಲ ಅಲ್ವಾ?

ಮುಂದಿನ ಸಲ ಬೀರುವಿನಲ್ಲಿದ್ದ ಪುಸ್ತಕವನ್ನು ತರಿಸಿದೆ. ನಡುವೆ ಎರಡು ಹಾಳೆ ಸೇರಿಸಿ ಪೇಪರ್ ಕ್ಲಿಪ್ ಹಾಕಿತ್ತು. ಒಳಗೆ ಒಂದು ಚಿತ್ರ ಇದೆಯಂತೆ, ಮೆಟ್ಟಿಲ ಮೇಲೆ ಮುಖವಿಲ್ಲದ ಹೆಂಗಸು.

"ಮುಂದೆ ಏನಾಯ್ತು?"

"ಗೊತ್ತಿಲ್ಲ ಆಂಟಿ. ಅಷ್ಟರಲ್ಲಿ ಅಪ್ಪ ಕಿತ್ಕೊಂಡ್ರು."

ಅಂದರೆ ಇವಳ ಪಾಲಿಗೆ ಆ ಹೆಂಗಸು ಇನ್ನೂ ಮೆಟ್ಟಿಲ ಮೇಲೇ ನಿಂತಿದ್ದಾಳೆ. ಕಥೆ ಮುಗಿದಿಲ್ಲ. ಜೊತೆಗೆ ತಾಯಿ ದಿನಾ ರಾತ್ರಿ ಮಂಚದ ಕೆಳಗೆ ಬಗ್ಗಿ ನೋಡಿ, "ನೋಡು, ಯಾರೂ ಇಲ್ಲ" ಅನ್ನುತ್ತಿದ್ದರು. ಮಗುವಿನ ಲೆಕ್ಕ ಬೇರೆ: "ಇರಲ್ಲ ಅಂದ್ರೆ ಅಮ್ಮ ಯಾಕೆ ದಿನಾ ನೋಡ್ತಾರೆ?"

ನಾನು ಮೊದಲು ಹೇಳಿದ್ದು, ಆ ಪುಸ್ತಕವನ್ನು ವಾಪಸ್ ಕೊಡಿ, ಆದರೆ ಹಗಲಿನಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲಿರುವಾಗ ಕೊನೆಯವರೆಗೂ ಓದಲಿ ಅಂತ. ಬೇಕಿದ್ದರೆ ಕೊನೆಯ ಪುಟ ಮೊದಲೇ ಓದಲಿ, ಅದು ಮೋಸವೇನಲ್ಲ. ಬೇಡ ಅನ್ನಿಸಿದರೆ ಮುಚ್ಚುವ ಹಕ್ಕೂ ಅವಳದ್ದೇ. ಇಂಥ ಕಥೆಗಳಲ್ಲಿ ಅಧ್ಯಾಯದ ಕೊನೆಗೆ ಬೇಕಂತಲೇ ಉಸಿರು ಬಿಗಿ ಹಿಡಿಯುವಂತೆ ಮಾಡಿರುತ್ತಾರೆ. ಹಾಗಾಗಿ ಅಲ್ಲಿ ನಿಲ್ಲಿಸುವುದು ಬೇಡ. ಮುಂದಿನ ಅಧ್ಯಾಯದ ನಡುವೆ, ಕಥೆ ಸ್ವಲ್ಪ ತಣ್ಣಗಾದ ಕಡೆ ನಿಲ್ಲಿಸಿ. ಮಲಗುವ ಮುಂಚೆ ಬೇರೆ ಪುಸ್ತಕ.

ಮಂಚದ ಕೆಳಗೆ ನೋಡುವುದನ್ನು ನಿಲ್ಲಿಸಲು ಹೇಳಿದೆ. ತಾಯಿ ಪಕ್ಕದಲ್ಲಿ ಮಲಗುವ ಬದಲು ಕುರ್ಚಿ ಹಾಕಿಕೊಂಡು ಕೂತರು. ಕೆಲವು ದಿನ ಬಿಟ್ಟು ಕುರ್ಚಿ ಬಾಗಿಲ ಹತ್ತಿರ ಹೋಯಿತು, ಆಮೇಲೆ ಹೊರಗೆ. ಒಂದೇ ಸಲ ಬಿಟ್ಟು ಹೋದರೆ ಹಟ ಹೆಚ್ಚುತ್ತದೆ. ಎಂದೂ ಬಿಡದಿದ್ದರೆ ಒಬ್ಬಳೇ ಇದ್ದರೂ ಏನೂ ಆಗುವುದಿಲ್ಲ ಅಂತ ಅವಳಿಗೆ ಗೊತ್ತಾಗುವುದೇ ಇಲ್ಲ. "ಇಷ್ಟಕ್ಕೆಲ್ಲ ಹೆದರ್ತಾರಾ?" ಅಂತ ನಗಬೇಡಿ ಅಂತ ಅಪ್ಪನಿಗೆ ಬೇರೆಯಾಗಿ ಹೇಳಿದೆ.

ಕೆಟ್ಟ ಕನಸು ಸಾಮಾನ್ಯವಾಗಿ ರಾತ್ರಿಯ ಎರಡನೇ ಅರ್ಧದಲ್ಲಿ ಬೀಳುತ್ತದೆ, ಎದ್ದ ಮೇಲೆ ನೆನಪಿರುತ್ತದೆ. ಆದ್ದರಿಂದ ಹಗಲಲ್ಲಿ ಅದರ ಕೊನೆಯನ್ನು ಬದಲಿಸಿ ಹೇಳಿಸಬಹುದು. ಇವಳು ಆ ಹೆಂಗಸಿಗೆ ಕನ್ನಡಕ ಬರೆದಳು. ಮುಖವೇ ಇಲ್ಲದ್ದರಿಂದ ಅದು ಜಾರಿ ಜಾರಿ ಬೀಳುತ್ತಿತ್ತಂತೆ. ಹೇಳುವಾಗಲೇ ನಗು ತಡೆಯಲಾಗಲಿಲ್ಲ. ಮಲಗಿದ ಒಂದೆರಡು ಗಂಟೆಯಲ್ಲೇ ಕಿರುಚಿ, ಎದುರಿಗಿದ್ದವರನ್ನೂ ಗುರುತಿಸದೆ, ಬೆಳಿಗ್ಗೆ ಏನೂ ನೆನಪಿಲ್ಲ ಅಂದರೆ ಅದು ಬೇರೆ ಸಂಗತಿ. ಆಗ ಅಲ್ಲಾಡಿಸಿ ಎಬ್ಬಿಸಬೇಡಿ, ಪೆಟ್ಟಾಗದಂತೆ ನೋಡಿಕೊಳ್ಳಿ ಸಾಕು.

ಈಗ ಒಬ್ಬಳೇ ಮಲಗುತ್ತಾಳೆ, ಸಣ್ಣ ದೀಪ ಇರಬೇಕು ಅಷ್ಟೇ. ಅಪ್ಪನಿಗೆ ಈ ಪುಸ್ತಕಗಳು ಈಗಲೂ ಇಷ್ಟವಿಲ್ಲ. ಇಷ್ಟಪಡಿ ಅಂತ ನಾನೂ ಹೇಳಿಲ್ಲ, ಬಚ್ಚಿಡಬೇಡಿ ಅಂದಿದ್ದೇನೆ. ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆ ಕೆಟ್ಟರೆ, ಹಗಲಲ್ಲೂ ಒಬ್ಬಳೇ ಇರಲಾಗದಿದ್ದರೆ, ಶಾಲೆ ತಪ್ಪಿದರೆ ಮತ್ತೆ ಕರೆದುಕೊಂಡು ಬನ್ನಿ ಅಂತಲೂ ಹೇಳಿ ಕಳಿಸಿದೆ.